ಫೋನಿನಲ್ಲಿ ಬಂದ ಆದೇಶಕ್ಕೆ ಸಂವಿಧಾನದಲ್ಲಿ ಉತ್ತರವಿದೆಯೇ?

ಪ್ರಶ್ನೆ: ನಾನು ಜಿಲ್ಲಾ ಕೇಂದ್ರವೊಂದರಿಂದ ದಿನಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವ ಅರೆಕಾಲಿಕ ವರದಿಗಾರ. ಕುಡಿಯುವ ನೀರಿನ ಕಾಮಗಾರಿಯೊಂದರಲ್ಲಿ ಪೈಪ್ ಹಾಕದೆಯೇ ಬಿಲ್ ಪಾಸಾಗಿರುವ ಬಗ್ಗೆ ದಾಖಲೆ ಸಮೇತ ವರದಿ ಕಳಿಸಿದ್ದೆ. ಪುಟ ಸಿದ್ಧವಾದ ಮೇಲೆ ‘ಮೇಲಿನಿಂದ ಫೋನ್ ಬಂದಿದೆ’ ಎಂದು ತೆಗೆದುಹಾಕಿದರು. ಮರುದಿನ ಪೊಲೀಸ್ ಠಾಣೆಯಿಂದ ‘ಒಮ್ಮೆ ಬಂದು ಹೋಗಿ’ ಎಂದು ಕರೆ ಬಂತು. ಯಾರೂ ಏನನ್ನೂ ಬರೆದು ಕೊಟ್ಟಿಲ್ಲ. ಪತ್ರಿಕಾ ಸ್ವಾತಂತ್ರ್ಯ ಮೂಲಭೂತ ಹಕ್ಕು ಎಂದು ಓದಿದ್ದೇವೆ. ಇದು ಅದರ ಉಲ್ಲಂಘನೆಯಲ್ಲವೇ? ನಾನೇನು ಮಾಡಬಹುದು?

ಉತ್ತರ: ಆ ಫೋನ್ ಸರ್ಕಾರದ ಕಡೆಯಿಂದ ಬಂದಿದ್ದರೆ ಉಲ್ಲಂಘನೆ ಹೌದು, ಅದರಲ್ಲಿ ಅನುಮಾನ ಬೇಡ. ಆದರೆ ನೀವು ಇದನ್ನು ಹೀಗೆಯೇ ಹೈಕೋರ್ಟಿಗೆ ಒಯ್ದರೆ ಅಲ್ಲಿ ಎದುರಾಗುವ ಮೊದಲ ಪ್ರಶ್ನೆ, ‘ಯಾವ ಆದೇಶವನ್ನು ಪ್ರಶ್ನಿಸುತ್ತಿದ್ದೀರಿ, ಅದರ ಪ್ರತಿ ಎಲ್ಲಿದೆ?’ ಎಂಬುದು. ನಿಮ್ಮ ಕೈಯಲ್ಲಿ ಪ್ರತಿ ಇಲ್ಲ. ಇರಬಾರದು ಎಂದೇ ಫೋನ್ ಮಾಡಿದ್ದಾರೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ‘ಯಾರೂ ಏನನ್ನೂ ಬರೆದು ಕೊಟ್ಟಿಲ್ಲ’ ಎಂಬ ಸಾಲು. ಈ ದೇಶದಲ್ಲಿ ಪತ್ರಿಕೆಗಳ ಮೇಲಿನ ಒತ್ತಡ ಎಪ್ಪತ್ತೈದು ವರ್ಷಗಳಲ್ಲಿ ಎಲ್ಲಿಂದ ಎಲ್ಲಿಗೆ ಬಂದಿದೆ ಎಂಬುದು ಅದೊಂದು ಸಾಲಿನಲ್ಲಿದೆ. ಹಾಗಾಗಿ ಸ್ವಲ್ಪ ಹಿಂದಿನಿಂದ ಆರಂಭಿಸುತ್ತೇನೆ. ನೀವು ಮಾಡಬೇಕಾದ ಕೆಲಸಕ್ಕೂ ಈ ಹಿನ್ನೆಲೆಗೂ ನೇರ ಸಂಬಂಧವಿದೆ.

ಸಂವಿಧಾನದ 19(1)(ಎ) ವಿಧಿಯಲ್ಲಿ ‘ಪತ್ರಿಕೆ’ ಎಂಬ ಮಾತೇ ಇಲ್ಲ. ಎಲ್ಲ ನಾಗರಿಕರಿಗೂ ಇರುವ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಅದೂ ಸೇರಿದೆ ಎಂದು ಹೇಳಿದ್ದು ಸುಪ್ರೀಂ ಕೋರ್ಟ್. ಅದಕ್ಕೆ ಕಾರಣವಾದದ್ದು ‘ಕ್ರಾಸ್ ರೋಡ್ಸ್’ ಎಂಬ ಮುಂಬೈಯ ವಾರಪತ್ರಿಕೆ. ಅದು ತನ್ನ ಪ್ರಾಂತ್ಯವನ್ನು ಪ್ರವೇಶಿಸಬಾರದೆಂದು ಮದ್ರಾಸ್ ಸರ್ಕಾರ ಆದೇಶ ಹೊರಡಿಸಿತು. ಸಂಪಾದಕ ರೊಮೇಶ್ ಥಾಪರ್ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 1950ರ ಮೇ ತಿಂಗಳಲ್ಲಿ, ಗಣರಾಜ್ಯಕ್ಕೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ, ನ್ಯಾಯಾಲಯ ಆ ಆದೇಶವನ್ನು ರದ್ದು ಮಾಡಿತು. ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಮರುವರ್ಷವೇ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು, ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿಯೂ ಮಾತಿಗೆ ಕಡಿವಾಣ ಹಾಕಬಹುದು ಎಂದು ಸೇರಿಸಿತು. ಆಗ ಪ್ರಧಾನಿಯಾಗಿದ್ದವರು ನೆಹರೂ. ಪತ್ರಿಕೆಗಳನ್ನು ಅಂಕೆಯಲ್ಲಿಡುವ ಆಸೆ ಯಾವುದೋ ಒಂದು ಪಕ್ಷದ ಸ್ವತ್ತಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಮತ್ತೆ ಮತ್ತೆ ಹೇಳುವ ಅಗತ್ಯ ಬೀಳದಿರಲಿ.

ಅಲ್ಲಿಂದ ಮೂವತ್ತು ವರ್ಷ ಸರ್ಕಾರಗಳು ಪತ್ರಿಕೆಗಳನ್ನು ಹಣಿಯಲು ಹೊರಟಾಗ ಹೆಚ್ಚಾಗಿ ಕಾಗದದ ಮೇಲೆಯೇ ಹೊರಟವು, ಅನೇಕ ಸಲ ಸೋತವು. ಇಷ್ಟು ಪುಟಕ್ಕೆ ಇಷ್ಟೇ ಬೆಲೆ ಎಂದು ಕಟ್ಟುಪಾಡು ಮಾಡಿದ ಆದೇಶವನ್ನು ಪುಣೆಯ ಮರಾಠಿ ಪತ್ರಿಕೆ ‘ಸಕಾಳ್’ ಪ್ರಶ್ನಿಸಿತು. 1961ರಲ್ಲಿ ಆ ಆದೇಶ ಬಿದ್ದುಹೋಯಿತು. ಪತ್ರಿಕೆಗಳು ಹತ್ತು ಪುಟ ಮೀರಬಾರದು ಎಂಬ ನ್ಯೂಸ್‌ಪ್ರಿಂಟ್ ನೀತಿ 1972ರಲ್ಲಿ ಬೆನೆಟ್ ಕೋಲ್ಮನ್ ಪ್ರಕರಣದಲ್ಲಿ ಬಿತ್ತು. ಆಮದು ಕಾಗದದ ಮೇಲಿನ ಸುಂಕದ ಪ್ರಶ್ನೆ ‘ಇಂಡಿಯನ್ ಎಕ್ಸ್‌ಪ್ರೆಸ್’ ಮುಂತಾದ ಪತ್ರಿಕೆಗಳ ಮೂಲಕ ಬಂದಾಗ 1984ರ ಡಿಸೆಂಬರ್‌ನಲ್ಲಿ ತೀರ್ಪು ಬರೆದವರು ನಮ್ಮ ಕನ್ನಡಿಗರೇ ಆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ತೆರಿಗೆ ಹಾಕುವ ಅಧಿಕಾರವಿದೆ ಎಂಬ ಕಾರಣಕ್ಕೆ ಪತ್ರಿಕೆಯ ಕತ್ತು ಹಿಸುಕುವಷ್ಟು ತೆರಿಗೆ ಹಾಕುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಕಾನೂನು ಓದದವರೂ ಅದನ್ನು ಓದಬಹುದು. ಓದಿ ಎಂದು ಒತ್ತಾಯ ಮಾಡುತ್ತೇನೆ.

ಈ ಪ್ರಕರಣಗಳಲ್ಲೆಲ್ಲ ಒಂದು ಸಂಗತಿ ಸಮಾನ. ಸರ್ಕಾರ ಏನು ಮಾಡಿತು ಎಂಬುದು ಗೆಜೆಟ್‌ನಲ್ಲಿತ್ತು. ಆದೇಶದ ಸಂಖ್ಯೆ, ದಿನಾಂಕ, ಸಹಿ ಮಾಡಿದವರ ಹುದ್ದೆ ಎಲ್ಲವೂ ಇತ್ತು. ನ್ಯಾಯಾಧೀಶರಿಗೆ ಹಿಡಿದು ಪರೀಕ್ಷಿಸಲು ಒಂದು ವಸ್ತು ಸಿಕ್ಕಿತು.

ತುರ್ತು ಪರಿಸ್ಥಿತಿಯಲ್ಲಿ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. 1975ರ ಜೂನ್ 25ರ ರಾತ್ರಿ ದೆಹಲಿಯ ಬಹದ್ದೂರ್ ಷಾ ಜಫರ್ ಮಾರ್ಗದ ಪತ್ರಿಕಾ ಮುದ್ರಣಾಲಯಗಳಿಗೆ ವಿದ್ಯುತ್ ಕಡಿತವಾಯಿತು. ಅಚ್ಚಿನ ಯಂತ್ರಗಳು ನಿಂತವು. ವಿದ್ಯುತ್ ಕಡಿಯಬೇಕೆಂಬ ಸೂಚನೆ ಬಾಯಿಮಾತಿನಲ್ಲೇ ಹೋಗಿತ್ತು ಎಂಬುದು ಮುಂದೆ ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಷಾ ಆಯೋಗದ ವಿಚಾರಣೆಯಲ್ಲಿ ಹೊರಬಿತ್ತು. ‘ಹಿಂದೂಸ್ತಾನ್ ಟೈಮ್ಸ್’ ಮತ್ತು ‘ಸ್ಟೇಟ್ಸ್‌ಮನ್’ ಆ ಬೆಳಿಗ್ಗೆಯೂ ಹೊರಬಂದವು, ಏಕೆಂದರೆ ಅವುಗಳ ಕಟ್ಟಡಗಳಿಗೆ ವಿದ್ಯುತ್ ಬರುತ್ತಿದ್ದುದು ನವದೆಹಲಿ ನಗರಸಭೆಯಿಂದ. ಆಮೇಲೆ ಲಿಖಿತ ಸೆನ್ಸಾರ್ ಆದೇಶಗಳು ಬಂದವು, ಅವುಗಳ ಜೊತೆಗೆ ದೂರವಾಣಿ ಸೂಚನೆಗಳೂ ಬಂದವು. ಪತ್ರಿಕೆಗಳನ್ನು ಮಿತ್ರ, ತಟಸ್ಥ, ವಿರೋಧಿ ಎಂದು ವಿಂಗಡಿಸಿ ಅದಕ್ಕೆ ತಕ್ಕಂತೆ ಸರ್ಕಾರಿ ಜಾಹೀರಾತು ಹಂಚಿದರು. ಇದು ಬೆಳಕಿಗೆ ಬಂದದ್ದು 1977ರಲ್ಲಿ ಸರ್ಕಾರ ಬದಲಾಗಿ ಶ್ವೇತಪತ್ರ ಹೊರಬಂದ ಮೇಲೆ.

ಅದೇ ಕತ್ತಲೆಯ ಕಾಲದಲ್ಲಿ ಮಿನೂ ಮಸಾನಿ ಅವರ ‘ಫ್ರೀಡಂ ಫಸ್ಟ್’ ಎಂಬ ಸಣ್ಣ ಮಾಸಿಕದ ಬರಹಗಳನ್ನು ಸೆನ್ಸಾರ್ ಅಧಿಕಾರಿ ತಡೆದ. ಬರೆದು ತಡೆದ. ಮಸಾನಿ ಆ ಆದೇಶ ಹಿಡಿದು ಬಾಂಬೆ ಹೈಕೋರ್ಟಿಗೆ ಹೋದರು. 1976ರ ಫೆಬ್ರುವರಿಯಲ್ಲಿ, ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿರುವಾಗಲೇ, ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಎಲ್ಲ ಪತ್ರಿಕೆಗಳೂ ಒಂದೇ ರಾಗ ಹಾಡುವಂತೆ ಮಾಡುವುದು ಸೆನ್ಸಾರ್‌ನ ಕೆಲಸವಲ್ಲ ಎಂದು ಹೇಳುವ ಧೈರ್ಯ ಆ ನ್ಯಾಯಪೀಠಕ್ಕಿತ್ತು. ಸಾವಿರಾರು ಜನ ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದ ದಿನಗಳಲ್ಲಿ ಒಂದು ಮಾಸಪತ್ರಿಕೆ ಗೆದ್ದಿತು. ಆದರೆ ಫೋನಿನಲ್ಲಿ ಬಂದ ಸೂಚನೆ ಪಾಲಿಸಿದ ದೊಡ್ಡ ಪತ್ರಿಕೆಗಳ ಬಳಿ ಗೆಲ್ಲಲು ಏನೂ ಇರಲಿಲ್ಲ.

ಅಧಿಕಾರದಲ್ಲಿದ್ದವರು ಇದರಿಂದ ಪಾಠ ಕಲಿತರು. ಆಮೇಲೂ ಕಾಯ್ದೆಯ ಮೂಲಕ ಬಾಯಿ ಕಟ್ಟುವ ಯತ್ನಗಳು ನಡೆದವು. 1982ರಲ್ಲಿ ಬಿಹಾರದಲ್ಲಿ ಜಗನ್ನಾಥ ಮಿಶ್ರ ತಂದ ಪತ್ರಿಕಾ ಮಸೂದೆ, 1988ರಲ್ಲಿ ರಾಜೀವ್ ಗಾಂಧಿ ಸರ್ಕಾರ ತಂದ ಮಾನಹಾನಿ ಮಸೂದೆ ಎರಡೂ ಪತ್ರಕರ್ತರು ಬೀದಿಗಿಳಿದ ಮೇಲೆ ವಾಪಸಾದವು. ಮಸೂದೆ ಕಣ್ಣಿಗೆ ಕಾಣುತ್ತದೆ, ಅದರ ಪ್ರತಿ ಸುಡಬಹುದು, ಮೆರವಣಿಗೆ ಮಾಡಬಹುದು. ಫೋನ್ ಕರೆಯ ವಿರುದ್ಧ ಮೆರವಣಿಗೆ ಮಾಡುವುದು ಹೇಗೆ?

ಕಾನೂನಿನ ನಿಲುವು ಇಲ್ಲಿ ಬಹಳ ಬಿಗಿಯಾಗಿದೆ, ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. 19(2)ನೇ ವಿಧಿಯ ಪ್ರಕಾರ ಅಭಿವ್ಯಕ್ತಿಯನ್ನು ನಿರ್ಬಂಧಿಸಬೇಕಾದರೆ ಒಂದು ಕಾನೂನು ಇರಬೇಕು. ಶಾಸನಬಲವಿಲ್ಲದ ಇಲಾಖಾ ಸುತ್ತೋಲೆ ಕೂಡ ಸಾಲದು ಎಂದು ಸುಪ್ರೀಂ ಕೋರ್ಟ್ 1986ರ ಬಿಜೋ ಇಮ್ಯಾನುಯಲ್ ಪ್ರಕರಣದಲ್ಲಿ ಹೇಳಿದೆ. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಿದ್ದ ಪ್ರಕರಣ ಅದು. ಅಚ್ಚಾದ, ಸಹಿಯಾದ ಸುತ್ತೋಲೆಯೇ ಕಾನೂನಲ್ಲ ಎಂದಾದರೆ, ಸಚಿವರ ಆಪ್ತ ಸಹಾಯಕರೊಬ್ಬರು ಸುದ್ದಿ ಸಂಪಾದಕರಿಗೆ ಮಾಡುವ ಕರೆಗೆ ಏನು ಬೆಲೆ? ಏನೂ ಇಲ್ಲ. ಅದನ್ನು ಪಾಲಿಸಲೇಬೇಕಾದ ಹೊಣೆ ಯಾವ ಸಂಪಾದಕನಿಗೂ ಇಲ್ಲ.

ಹಾಗಿದ್ದೂ ಪಾಲಿಸುತ್ತಾರೆ. ಏಕೆ ಎಂಬುದನ್ನು ನೀವು ಜಿಲ್ಲೆಯಲ್ಲಿದ್ದುಕೊಂಡು ನನಗಿಂತ ಚೆನ್ನಾಗಿ ಕಂಡಿರುತ್ತೀರಿ. ಸಣ್ಣ ಮತ್ತು ಮಧ್ಯಮ ಪತ್ರಿಕೆಗಳ ಜೀವ ಇರುವುದು ಸರ್ಕಾರಿ ಜಾಹೀರಾತಿನಲ್ಲಿ. ಟೆಂಡರ್ ಪ್ರಕಟಣೆ, ಇಲಾಖೆಯ ಯೋಜನೆ, ಜಯಂತಿಯ ಪೂರ್ಣಪುಟ ಶುಭಾಶಯ. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯಿಂದ ಬಿಡುಗಡೆ ಆದೇಶ ಬರುತ್ತದೆ, ಜಾಹೀರಾತು ಅಚ್ಚಾಗುತ್ತದೆ, ಪುಟದ ಪ್ರತಿ ಲಗತ್ತಿಸಿ ಬಿಲ್ ಕಳಿಸುತ್ತಾರೆ, ಆಮೇಲೆ ಕಾಯುತ್ತಾರೆ. ಒತ್ತಡ ಹುಟ್ಟುವುದು ಆ ಕಾಯುವಿಕೆಯಲ್ಲಿ. ಬಾಕಿ ಬಿಲ್ಲನ್ನು ಯಾರೂ ತಿರಸ್ಕರಿಸುವುದಿಲ್ಲ, ತಿರಸ್ಕರಿಸಿದರೆ ಅದೂ ಒಂದು ಆದೇಶವಾಗುತ್ತದೆ. ಸುಮ್ಮನೆ ಕಡತ ಕದಲುವುದಿಲ್ಲ. ಮಾಲೀಕರು ವಿಚಾರಿಸಲು ಹೋದಾಗ ಮಾತಿನ ನಡುವೆ ಯಾರೋ ಒಬ್ಬರು ಕಳೆದ ವಾರದ ಒಂದು ವರದಿಯ ಬಗ್ಗೆ ನಗುತ್ತಲೇ ವಿಚಾರಿಸುತ್ತಾರೆ. ಅಷ್ಟು ಸಾಕು. ಮುಂದಿನ ಸಲ ನಿಮ್ಮಂಥವರ ವರದಿ ಬಂದಾಗ ಫೋನ್ ಕೂಡ ಬೇಕಾಗುವುದಿಲ್ಲ. ಸುದ್ದಿ ಡೆಸ್ಕಿನಲ್ಲಿರುವವರೇ ‘ಇದು ಈಗ ಬೇಡ’ ಎನ್ನುತ್ತಾರೆ. ಎಲ್ಲರಿಗಿಂತ ಮೊದಲು ಹೊಟ್ಟೆಗೆ ಪೆಟ್ಟು ಬೀಳುವುದು ಮುದ್ರಣಾಲಯದವರಿಗೆ, ವಿತರಕರಿಗೆ, ತಿಂಗಳ ಸಂಬಳ ನಂಬಿದ ಪುಟವಿನ್ಯಾಸಕರಿಗೆ. ಅವರನ್ನು ನೆನೆದೇ ಅನೇಕ ಪ್ರಾಮಾಣಿಕ ಸಂಪಾದಕರು ತಲೆ ತಗ್ಗಿಸಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಜನರ ತೆರಿಗೆಯ ದುಡ್ಡನ್ನು ತಮ್ಮ ಮನೆಯ ದುಡ್ಡಿನಂತೆ ಕೊಡುವ, ಹಿಡಿದಿಡುವವರ ಮೇಲೆ.

ಇದಕ್ಕೂ ನ್ಯಾಯಾಲಯದ ಉತ್ತರವಿದೆ. ‘ಈನಾಡು’ ಪತ್ರಿಕೆಯ ಉಷೋದಯ ಪಬ್ಲಿಕೇಷನ್ಸ್ ಹೂಡಿದ ಪ್ರಕರಣದಲ್ಲಿ 1981ರ ಹೊತ್ತಿಗೇ ಆಂಧ್ರಪ್ರದೇಶ ಹೈಕೋರ್ಟ್, ಜಾಹೀರಾತು ಇರುವುದು ಜನರಿಗೆ ಮಾಹಿತಿ ಮುಟ್ಟಿಸಲು, ಪತ್ರಿಕೆಗಳನ್ನು ಓಲೈಸಲು ಅಥವಾ ದಂಡಿಸಲು ಅಲ್ಲ ಎಂಬ ನಿಲುವು ತಳೆಯಿತು. ಸರ್ಕಾರಿ ಜಾಹೀರಾತು ನಮಗೆ ಕೊಡಲೇಬೇಕು ಎಂದು ಕೇಳುವ ಹಕ್ಕು ಯಾವ ಪತ್ರಿಕೆಗೂ ಇಲ್ಲ. ಆದರೆ ಸರ್ಕಾರ ಮನಬಂದಂತೆ ತಾರತಮ್ಯ ಮಾಡುವಂತಿಲ್ಲ. ತಾರತಮ್ಯವನ್ನು ಸಾಬೀತು ಮಾಡಲು ಬೇಕಾಗುವುದು ಅಂಕಿಅಂಶ: ಯಾವ ಪತ್ರಿಕೆಗೆ ಯಾವ ತಿಂಗಳು ಎಷ್ಟು, ಯಾವ ವರದಿಯ ನಂತರ ಎಷ್ಟು. ಮತ್ತೆ ಕಾಗದಕ್ಕೇ ಬಂದೆವು.

ಮಾಲೀಕರೇ ರಾಜಕಾರಣಿಗಳಾದ ಕಡೆ ಈ ಇಡೀ ಕಸರತ್ತು ಅನಗತ್ಯ. ಕಸ್ತೂರಿ ವಾಹಿನಿ ಕುಮಾರಸ್ವಾಮಿ ಅವರ ಕುಟುಂಬದ್ದಾಗಿತ್ತು, ಸುವರ್ಣ ನ್ಯೂಸ್ ರಾಜೀವ್ ಚಂದ್ರಶೇಖರ್ ಅವರ ಸಂಸ್ಥೆಯ ಕೈಯಲ್ಲಿತ್ತು, ಜನಶ್ರೀ ಬಳ್ಳಾರಿಯ ರೆಡ್ಡಿ ಪಾಳಯದಿಂದ ಬಂತು. ಅಲ್ಲಿ ದುಡಿದ ವರದಿಗಾರರೆಲ್ಲ ಅಪ್ರಾಮಾಣಿಕರು ಎಂದು ನಾನು ಖಂಡಿತ ಹೇಳುವುದಿಲ್ಲ. ಮನೆಯ ಯಜಮಾನರ ಬಗ್ಗೆ ಬರೆಯುವ ಸಂದರ್ಭ ಬಂದಾಗ ಅವರ ಮುಂದಿದ್ದ ದಾರಿ ಎಷ್ಟು ಕಿರಿದು ಎಂಬುದಷ್ಟೇ ಮಾತು. ಮೂಲಭೂತ ಹಕ್ಕು ಸರ್ಕಾರದ ವಿರುದ್ಧ ಕೆಲಸ ಮಾಡುತ್ತದೆ, ಪತ್ರಿಕೆಯ ಒಡೆಯನ ವಿರುದ್ಧ ಅಲ್ಲ. ‘ನನ್ನ ವರದಿಯನ್ನು ಪ್ರಕಟಿಸಿ’ ಎಂದು ನಿಮ್ಮ ಪತ್ರಿಕೆಯನ್ನು ಒತ್ತಾಯಿಸುವ ಹಕ್ಕು ನಿಮಗಿಲ್ಲ. ಇದು ಕಹಿ, ಆದರೆ ಗೊತ್ತಿರಬೇಕು.

ಕಾಗದ ಕೊಡದಿರುವ ಅಭ್ಯಾಸ ಈಗ ಕಾನೂನಿನ ಒಳಗೂ ಬಂದು ಕುಳಿತಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಜಾಲತಾಣ ಅಥವಾ ಬರಹಗಳನ್ನು ತಡೆಯುವ ಆದೇಶಗಳನ್ನು ಗೋಪ್ಯವಾಗಿಡಬೇಕು ಎಂದು ನಿಯಮವೇ ಹೇಳುತ್ತದೆ. 2025ರ ಫೆಬ್ರುವರಿಯಲ್ಲಿ ತಮಿಳಿನ ‘ವಿಕಟನ್’ ಜಾಲತಾಣ ಅನೇಕ ಓದುಗರಿಗೆ ಇದ್ದಕ್ಕಿದ್ದಂತೆ ತೆರೆಯದಾಯಿತು. ಪ್ರಧಾನಿಯ ಬಗೆಗಿನ ಒಂದು ವ್ಯಂಗ್ಯಚಿತ್ರ ಅದಕ್ಕೆ ಕಾರಣ. ಒಂದು ಚಿತ್ರಕ್ಕಾಗಿ ಇಡೀ ತಾಣ ಮುಚ್ಚಿತು. ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್, ಆ ಚಿತ್ರವನ್ನು ಸದ್ಯಕ್ಕೆ ತೆಗೆದರೆ ತಾಣವನ್ನು ತೆರೆಯಬೇಕೆಂದು ಹೇಳಿತು. ಕರ್ನಾಟಕ ಹೈಕೋರ್ಟ್ ಈ ವಿಷಯದಲ್ಲಿ ಎರಡು ಸಲ ಸರ್ಕಾರದ ಪರ ನಿಂತಿದೆ: 2023ರ ಜೂನ್‌ನಲ್ಲಿ ಟ್ವಿಟರ್‌ನ ಅರ್ಜಿಯನ್ನು 50 ಲಕ್ಷ ರೂಪಾಯಿ ದಂಡ ಸಮೇತ ವಜಾ ಮಾಡಿತು, 2025ರ ಸೆಪ್ಟೆಂಬರ್‌ನಲ್ಲಿ ಬರಹಗಳನ್ನು ತೆಗೆಯುವಂತೆ ಇಂಥ ಕಂಪನಿಗಳಿಗೆ ಸರ್ಕಾರ ಸೂಚನೆ ಕಳಿಸುವ ಸಹಯೋಗ್ ಪೋರ್ಟಲ್ ವಿರುದ್ಧ ಅದೇ ಕಂಪನಿ ತಂದ ಅರ್ಜಿಯನ್ನೂ ತಳ್ಳಿಹಾಕಿತು. ಆ ತೀರ್ಪುಗಳನ್ನು ಗೌರವದಿಂದಲೇ ಒಪ್ಪದವರಲ್ಲಿ ನಾನೂ ಒಬ್ಬ. ಯಾರ ಬರಹವನ್ನು ತಡೆಯಲಾಗುತ್ತದೋ ಅವನಿಗೇ ಆದೇಶದ ಪ್ರತಿ ಸಿಗದಿದ್ದರೆ ಅವನು ಪ್ರಶ್ನಿಸುವುದು ಏನನ್ನು?

ಸುಪ್ರೀಂ ಕೋರ್ಟ್ ಮಾತ್ರ ಈ ಐದಾರು ವರ್ಷಗಳಲ್ಲಿ ಕಾಗದದ ವಿಷಯದಲ್ಲಿ ಪಟ್ಟು ಹಿಡಿದಂತೆ ಕಾಣುತ್ತದೆ. ‘ಕಾಶ್ಮೀರ್ ಟೈಮ್ಸ್’ ಸಂಪಾದಕಿ ಅನುರಾಧಾ ಭಸೀನ್ ಅವರ ಪ್ರಕರಣದಲ್ಲಿ 2020ರ ಜನವರಿಯಲ್ಲಿ, ಇಂಟರ್ನೆಟ್ ನಿಲ್ಲಿಸುವ ಆದೇಶಗಳನ್ನು ಪ್ರಕಟಿಸಲೇಬೇಕು ಎಂದಿತು. ಮಲಯಾಳದ ಮೀಡಿಯಾ ಒನ್ ವಾಹಿನಿಯ ಪರವಾನಗಿ ನವೀಕರಣವನ್ನು ಭದ್ರತೆಯ ಕಾರಣ ನೀಡಿ, ಆ ಕಾರಣವನ್ನೂ ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಮಾತ್ರ ತೋರಿಸಿ ನಿರಾಕರಿಸಿದ್ದನ್ನು 2023ರ ಏಪ್ರಿಲ್ 5ರಂದು ರದ್ದು ಮಾಡಿತು. ಸರ್ಕಾರವನ್ನು ಟೀಕಿಸುವುದು ದೇಶದ ಭದ್ರತೆಗೆ ಅಪಾಯವಲ್ಲ ಎಂದು ಬಿಡಿಸಿ ಹೇಳಿತು. ನ್ಯೂಸ್‌ಕ್ಲಿಕ್ ಸುದ್ದಿತಾಣದ ಪ್ರಬೀರ್ ಪುರಕಾಯಸ್ಥ ಅವರನ್ನು ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯಡಿ (ಯುಎಪಿಎ) ಬಂಧಿಸುವಾಗ ಬಂಧನದ ಕಾರಣಗಳನ್ನು ಬರೆದು ಕೊಟ್ಟಿರಲಿಲ್ಲ. ಆ ಒಂದು ಲೋಪಕ್ಕಾಗಿ ಬಂಧನವೇ ಅಕ್ರಮ ಎಂದು 2024ರ ಮೇ 15ರಂದು ಬಿಡುಗಡೆ ಮಾಡಿಸಿತು. 2025ರ ನವೆಂಬರ್‌ನಲ್ಲಿ ಇನ್ನೂ ಮುಂದೆ ಹೋಗಿ, ಯಾವುದೇ ಅಪರಾಧದ ಬಂಧನವಾದರೂ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕೆಂದಿತು. ಕನ್ನಡದ ಪತ್ರಕರ್ತನಿಗೆ ಕನ್ನಡದಲ್ಲಿ ಕೇಳುವ ಹಕ್ಕು ಇದರಿಂದ ಬಂದಿದೆ. ಆದರೆ ಈ ಗೆಲುವುಗಳ ಬೆಲೆಯನ್ನೂ ನೋಡಿ. ಪುರಕಾಯಸ್ಥ ಹೊರಬರುವ ಹೊತ್ತಿಗೆ ಏಳು ತಿಂಗಳು ಜೈಲಿನಲ್ಲಿ ಕಳೆದಿದ್ದರು. ಉತ್ತರ ಪ್ರದೇಶದ ಹಾಥರಸ್‌ಗೆ ವರದಿಗೆಂದು ಹೊರಟ ಕೇರಳದ ಪತ್ರಕರ್ತ ಸಿದ್ದೀಕ್ ಕಪ್ಪನ್ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದರು.

ಕರ್ನಾಟಕದಲ್ಲಿ ಒತ್ತಡ ವಿಧಾನಸಭೆಯಿಂದಲೂ ಬಂದಿದೆ. 2017ರ ಜೂನ್‌ನಲ್ಲಿ ಹಕ್ಕುಬಾಧ್ಯತಾ ಸಮಿತಿಯ ಶಿಫಾರಸಿನ ಮೇರೆಗೆ ‘ಹಾಯ್ ಬೆಂಗಳೂರ್’ನ ರವಿ ಬೆಳಗೆರೆ ಮತ್ತು ‘ಯಲಹಂಕ ವಾಯ್ಸ್’ನ ಅನಿಲ್ ರಾಜು ಅವರಿಗೆ ಸದನ ತಲಾ ಒಂದು ವರ್ಷ ಜೈಲು, ಹತ್ತು ಸಾವಿರ ರೂಪಾಯಿ ದಂಡ ವಿಧಿಸಿತು. ದೂರಿದ್ದ ಶಾಸಕರಲ್ಲಿ ಕಾಂಗ್ರೆಸ್‌ನವರೂ ಇದ್ದರು, ಬಿಜೆಪಿಯವರೂ ಇದ್ದರು. ಆ ಬರಹಗಳು ಹೇಗಿದ್ದವು ಎಂಬುದು ಬೇರೆ ಮಾತು. ದೂರುದಾರರ ಕೂಟವೇ ತೀರ್ಪುಗಾರರ ಕೂಟವೂ ಆಗುವುದು ನ್ಯಾಯವಲ್ಲ. ಮಾನಹಾನಿಯಾಗಿದ್ದರೆ ಎಲ್ಲ ನಾಗರಿಕರಂತೆ ನ್ಯಾಯಾಲಯಕ್ಕೆ ಹೋಗಬೇಕಿತ್ತು.

ನ್ಯಾಯಾಲಯದ ದಾರಿಯೂ ಹಗುರವೇನಲ್ಲ ಎಂಬುದಕ್ಕೆ ಗೌರಿ ಲಂಕೇಶ್ ಪ್ರಕರಣ ನೋಡಿ. 2008ರ ಒಂದು ವರದಿಗಾಗಿ ಹೂಡಿದ ಮಾನಹಾನಿ ಮೊಕದ್ದಮೆಯಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿದ್ದು 2016ರ ನವೆಂಬರ್‌ನಲ್ಲಿ. ಅಂದೇ ಜಾಮೀನು ಸಿಕ್ಕಿತು. ಪತ್ರಿಕೆ ಬೆಂಗಳೂರಿನದು, ಮೊಕದ್ದಮೆ ಹುಬ್ಬಳ್ಳಿಯದು, ನಡುವೆ ಎಂಟು ವರ್ಷ. ವರದಿ ಸರಿಯೋ ತಪ್ಪೋ, ಒಂದು ಸಣ್ಣ ವಾರಪತ್ರಿಕೆಯ ಸಂಪಾದಕಿ ಆ ಅಲೆದಾಟವನ್ನು ಹೊತ್ತೇ ಉಳಿದ ಸಂಚಿಕೆಗಳನ್ನು ತರಬೇಕಾಗಿತ್ತು. 2017ರ ಸೆಪ್ಟೆಂಬರ್ 5ರಂದು ಅವರನ್ನು ಮನೆಯ ಬಾಗಿಲಲ್ಲೇ ಕೊಂದರು. ಆ ಕೊಲೆ ನ್ಯಾಯಾಲಯದಲ್ಲಿರುವ ಬೇರೆಯದೇ ಪ್ರಕರಣ. ಆದರೆ ಅಂದಿನಿಂದ ಜಿಲ್ಲೆಗಳ ಸಣ್ಣ ಪತ್ರಿಕೆಗಳವರ ಮನಸ್ಸಿನಲ್ಲಿ ಕೂತಿರುವ ಭಯವನ್ನು ಬಿಟ್ಟು ಈ ಚರ್ಚೆ ಮಾಡಲಾಗದು.

ಇನ್ನೊಂದು ಅಸ್ತ್ರ ಬೆಂಗಳೂರಿನ ಸಿವಿಲ್ ನ್ಯಾಯಾಲಯಗಳಿಂದ ಸಿಗುವ ಏಕಪಕ್ಷೀಯ ತಡೆಯಾಜ್ಞೆ. 2021ರ ಮಾರ್ಚ್‌ನಲ್ಲಿ ರಾಜ್ಯದ ಆರು ಸಚಿವರು ಅರವತ್ತಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ವಿರುದ್ಧ ಇಂಥ ಆಜ್ಞೆ ತಂದರು, ಯಾವ ವರದಿಯೂ ಹೊರಬರುವ ಮೊದಲೇ. 2025ರ ಜುಲೈನಲ್ಲಿ ಧರ್ಮಸ್ಥಳದ ವಿಷಯದಲ್ಲಿ ಬಂದ ಆಜ್ಞೆ ಎಂಟು ಸಾವಿರಕ್ಕೂ ಹೆಚ್ಚು ಲಿಂಕ್‌ಗಳನ್ನು ಒಳಗೊಂಡಿತ್ತು. ಒಂದು ಯೂಟ್ಯೂಬ್ ವಾಹಿನಿ ಪ್ರಶ್ನಿಸಿದಾಗ ಆಗಸ್ಟ್ 1ರಂದು ಹೈಕೋರ್ಟ್ ಅದನ್ನು ಬದಿಗಿರಿಸಿತು. ವಿಚಾರಣೆಗೆ ಮೊದಲೇ ವರದಿಗೆ ತಡೆ ಕೊಡುವಾಗ ಕೆಳ ನ್ಯಾಯಾಲಯಗಳು ತುಂಬಾ ಎಚ್ಚರ ವಹಿಸಬೇಕೆಂದು ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲೇ ಹೇಳಿದೆ. ನಿಮ್ಮ ವರದಿಯ ಮೇಲೆ ಇಂಥ ತಡೆ ಬರಬಹುದು ಎನಿಸಿದರೆ ವಕೀಲರ ಮೂಲಕ ಮುಂಚಿತವಾಗಿ ಕೇವಿಯಟ್ ಹಾಕಿಸಿ. ಅದು ತೊಂಬತ್ತು ದಿನ ಜೀವಂತವಿರುತ್ತದೆ, ಹಾಕಿದ ನ್ಯಾಯಾಲಯದಲ್ಲಿ ನಿಮ್ಮ ಮಾತು ಕೇಳದೆ ಆಜ್ಞೆಯಾಗುವುದನ್ನು ತಪ್ಪಿಸುತ್ತದೆ.

ಈಗ ನಿಮ್ಮ ಪ್ರಕರಣ. ಮೊದಲು ಠಾಣೆಯ ಕರೆ. ‘ಬಂದು ಹೋಗಿ’ ಎಂಬ ಕರೆಗೆ ಹೋಗಬೇಕಿಲ್ಲ, ಜಗಳವನ್ನೂ ಮಾಡಬೇಕಿಲ್ಲ. ವಿನಯದಿಂದ ಲಿಖಿತ ನೋಟಿಸ್ ಕೊಡಿ ಎಂದು ಕೇಳಿ. ಬಂಧನದ ಅಗತ್ಯವಿಲ್ಲದ ಪ್ರಕರಣಗಳಲ್ಲಿ ಆರೋಪಿಯನ್ನು ಕರೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3) ಕಲಮಿನಡಿ ನೋಟಿಸ್ ನೀಡಬೇಕು, ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನೋಟಿಸ್ ಬಂದರೆ ಅದರಲ್ಲಿ ಅಪರಾಧ ಸಂಖ್ಯೆ, ಕಲಮು ಇರಬೇಕು. ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ, ವಕೀಲರೊಂದಿಗೆ ಹೋಗಿ. ‘ಮಾನಹಾನಿ’ ಎಂಬ ಮಾತು ಬಂದರೆ ಒಂದು ಸಂಗತಿ ನೆನಪಿಡಿ: ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನಹಾನಿ ಪೊಲೀಸರು ತಾವಾಗಿ ದಾಖಲಿಸಿ ತನಿಖೆ ಮಾಡುವ ಅಪರಾಧವಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಮೊಬೈಲ್ ಕೊಡಿ ಎಂದರೆ ಜಪ್ತಿ ಪಂಚನಾಮೆ ಇಲ್ಲದೆ ಕೊಡಬೇಡಿ. ಅದರಲ್ಲಿ ನಿಮಗೆ ದಾಖಲೆ ಕೊಟ್ಟವರ ಹೆಸರುಗಳಿವೆ. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಹೇಳುತ್ತದೆ.

ಯಾವ ಅಧಿಕಾರಿಯಾದರೂ ಪತ್ರ ಬರೆದು ಬೆದರಿಸಿದರೆ ಅದನ್ನು ಜೋಪಾನವಾಗಿಡಿ. 1994ರಲ್ಲಿ ತಮಿಳುನಾಡಿನ ಕಾರಾಗೃಹಗಳ ಮಹಾನಿರೀಕ್ಷಕರು ‘ನಕ್ಕೀರನ್’ ಪತ್ರಿಕೆಗೆ ಅಂಥ ಒಂದು ಪತ್ರ ಬರೆದರು, ಗಲ್ಲುಶಿಕ್ಷೆಗೆ ಗುರಿಯಾಗಿದ್ದ ಆಟೋ ಶಂಕರ್‌ನ ಆತ್ಮಕಥೆ ಪ್ರಕಟಿಸಿದರೆ ಕ್ರಮ ಕೈಗೊಳ್ಳುತ್ತೇವೆ ಎಂದು. ಸಂಪಾದಕ ರಾಜಗೋಪಾಲ್ ಆ ಪತ್ರ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಅಧಿಕಾರಿಗಳು ತಮಗೆ ಮಾನಹಾನಿಯಾಗಬಹುದು ಎಂಬ ಭಯದಿಂದ ಪ್ರಕಟಣೆಗೆ ಮೊದಲೇ ತಡೆ ಹಾಕುವಂತಿಲ್ಲ, ಕರ್ತವ್ಯಕ್ಕೆ ಸಂಬಂಧಿಸಿದ ಟೀಕೆಗೆ ಅವರು ಸುಲಭವಾಗಿ ಪರಿಹಾರ ಕೇಳುವಂತಿಲ್ಲ, ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಪ್ರಕಟಿಸಲು ಯಾರ ಅನುಮತಿಯೂ ಬೇಡ ಎಂಬ ಮಾತುಗಳು ನಮಗೆ ದಕ್ಕಿದ್ದು ಆ ಒಂದು ಪತ್ರದಿಂದ. ವರದಿಯಲ್ಲಿ ಉಡಾಫೆ ಇರಬಾರದು, ಪರಿಶೀಲನೆ ಮಾಡಿರಬೇಕು, ಅದು ಶರತ್ತು. ಆದ್ದರಿಂದ ಗುತ್ತಿಗೆದಾರರಿಗೂ ಕಾರ್ಯಪಾಲಕ ಎಂಜಿನಿಯರಿಗೂ ನಿಮ್ಮ ಪ್ರಶ್ನೆಗಳನ್ನು ಇ–ಮೇಲ್ ಅಥವಾ ನೋಂದಾಯಿತ ಅಂಚೆಯಲ್ಲಿ ಕಳಿಸಿ, ಉತ್ತರಕ್ಕೆ ಸಮಯ ಕೊಡಿ. ಉತ್ತರ ಬಂದರೂ ಬಾರದಿದ್ದರೂ ಅದು ನಿಮ್ಮ ರಕ್ಷಣೆ.

ಪತ್ರಿಕೆಯೊಳಗೂ ಇದನ್ನೇ ಮಾಡಿ. ಸುದ್ದಿ ಸಂಪಾದಕರಿಗೆ ಒಂದು ಸಭ್ಯವಾದ ಇ–ಮೇಲ್ ಬರೆದು, ಇಂಥ ದಿನ ಕಳಿಸಿದ ಇಂಥ ವರದಿ ಏಕೆ ಪ್ರಕಟವಾಗಲಿಲ್ಲ, ಅದರಲ್ಲಿ ತಿದ್ದಬೇಕಾದ್ದೇನಾದರೂ ಇದೆಯೇ ಎಂದು ಕೇಳಿ. ದಬಾಯಿಸಬೇಡಿ, ಅವರೂ ಒತ್ತಡದಲ್ಲೇ ಇದ್ದಾರೆ. ಉತ್ತರ ಬಾರದಿದ್ದರೆ ಮುಂದಿನ ದಾರಿ ತೆರೆಯುತ್ತದೆ, ಅದು ನಿಮ್ಮಂಥ ಅರೆಕಾಲಿಕರಿಗೆ ಮಾತ್ರ ಇರುವ ದಾರಿ. ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ ವರದಿಯ ಹಕ್ಕು ಪತ್ರಿಕೆಯ ಮಾಲೀಕರಿಗೆ ಹೋಗುವುದು ಬರೆದವರು ಅವರ ನೌಕರರಾಗಿದ್ದಾಗ. ಸಂಬಳ, ಭವಿಷ್ಯನಿಧಿ ಕೇಳಿದಾಗ ‘ನೀವು ನಮ್ಮ ನೌಕರರಲ್ಲ’ ಎಂದು ಬಿಡಿವರದಿಗಾರರಿಗೆ ಹೇಳುವುದು ರೂಢಿ. ನೌಕರರಲ್ಲದಿದ್ದರೆ, ಬೇರೆ ಲಿಖಿತ ಕರಾರೂ ಇಲ್ಲದಿದ್ದರೆ, ಆ ವರದಿ ನಿಮ್ಮದು. ಬೇರೆ ಪತ್ರಿಕೆಗೆ, ಬೇರೆ ತಾಣಕ್ಕೆ ಕೊಡಬಹುದು. ಈ ನಂಟು ಕಡಿದುಹೋಗುವ ಅಪಾಯ ಇದ್ದೇ ಇದೆ, ಅದನ್ನು ತೂಗಿ ನೋಡುವವರು ನೀವೇ.

ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಸರ್ಕಾರದ ನಡೆಯ ಬಗ್ಗೆಯೂ ಅಭಿಪ್ರಾಯ ಹೇಳುವ ಅಧಿಕಾರ ಅದಕ್ಕಿದೆ, ದಂಡಿಸುವ ಅಧಿಕಾರವಿಲ್ಲ. ದೂರು ದಾಖಲೆಯಾಗಿ ಉಳಿಯುತ್ತದೆ ಎಂಬುದಕ್ಕಾಗಿ ಕೊಡಿ, ಬೇಗ ಫಲ ಸಿಗುತ್ತದೆಂದು ಕಾಯಬೇಡಿ.

ನನ್ನ ಲೆಕ್ಕದಲ್ಲಿ ನಿಮ್ಮ ಕೈಯಲ್ಲಿರುವ ಅತ್ಯಂತ ಬಲವಾದ ಸಾಧನ ಮಾಹಿತಿ ಹಕ್ಕು. ಎರಡು ಪ್ರತ್ಯೇಕ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಮೊದಲನೆಯದು ವಾರ್ತಾ ಇಲಾಖೆಗೆ: ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ನಿಮ್ಮ ಜಿಲ್ಲೆಯ ಪತ್ರಿಕೆಗಳಿಗೆ ತಿಂಗಳುವಾರು ಬಿಡುಗಡೆ ಮಾಡಿದ ಜಾಹೀರಾತಿನ ಮೊತ್ತ, ಪಾವತಿಯಾದ ಮೊತ್ತ, ಬಾಕಿ. ಎರಡನೆಯದು ಕಾಮಗಾರಿ ನಡೆಸಿದ ಇಲಾಖೆಗೆ. 2025ರ ನವೆಂಬರ್‌ನಿಂದ ದತ್ತಾಂಶ ರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಗೆ ಮಾಡಿದ ತಿದ್ದುಪಡಿ ಜಾರಿಗೆ ಬಂದಿರುವುದರಿಂದ, ವ್ಯಕ್ತಿಗಳ ಹೆಸರು ಕೇಳಿದರೆ ‘ವೈಯಕ್ತಿಕ ಮಾಹಿತಿ’ ಎಂದು ನಿರಾಕರಿಸುವುದು ಅಧಿಕಾರಿಗಳಿಗೆ ಸುಲಭವಾಗಿದೆ. ಹಾಗಾಗಿ ವ್ಯಕ್ತಿಯನ್ನು ಬಿಟ್ಟು ಕಾಮಗಾರಿಯನ್ನು ಕೇಳಿ. ಹೀಗೆ ಬರೆಯಬಹುದು:

‘ಇಂಥ ಗ್ರಾಮದ ಇಂಥ ಸಂಖ್ಯೆಯ ಕುಡಿಯುವ ನೀರಿನ ಕಾಮಗಾರಿಗೆ ಸಂಬಂಧಿಸಿದ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಪಾವತಿಸಿದ ಬಿಲ್ಲುಗಳ ದೃಢೀಕೃತ ಪ್ರತಿ ನೀಡಿ. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಮಿನಂತೆ ಸದರಿ ಕಾಮಗಾರಿಯ ಸ್ಥಳವನ್ನು ಖುದ್ದಾಗಿ ಪರಿಶೀಲಿಸಲು ಮತ್ತು ಅಳವಡಿಸಿರುವ ಪೈಪಿನ ದೃಢೀಕೃತ ಮಾದರಿ ಪಡೆಯಲು ದಿನಾಂಕ ನಿಗದಿಪಡಿಸಿ.’

ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅಥವಾ ನಿರಾಕರಿಸಿದರೆ ಮುಂದಿನ ಮೂವತ್ತು ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಿ, ಅರ್ಜಿಯ ಸ್ವೀಕೃತಿಯನ್ನು ಮೇಲ್ಮನವಿಗೆ ಲಗತ್ತಿಸಿ. ಅಳತೆ ಪುಸ್ತಕದಲ್ಲಿ ಎಷ್ಟು ಮೀಟರ್ ಪೈಪ್ ಎಂದು ಎಂಜಿನಿಯರರ ಸಹಿಯೊಂದಿಗೆ ಬರೆದಿರುತ್ತದೆ. ಆ ಪುಟ ಕೈಗೆ ಬಂದ ದಿನ ನಿಮ್ಮ ವರದಿಯನ್ನು ಮತ್ತೊಮ್ಮೆ ಬರೆದು ಸಂಪಾದಕರಿಗೆ ಕಳಿಸಿ, ಈ ಸಲ ಆ ಪುಟದ ಪ್ರತಿಯ ಸಮೇತ.